ರಮ್ಮಿಗೆ ಕೂರುವ ಮುನ್ನ: ಮನೆಯ ನಿಯಮ ಗೊತ್ತುಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಹದಿಮೂರೆಲೆ ರಮ್ಮಿಯಲ್ಲಿ ತಕರಾರು ಏಳುವುದು ಯಾರೋ ಶೋ ಹೊಡೆದು (ಎಲ್ಲ ಎಲೆ ಜೋಡಿಸಿಯಾಯಿತು ಎಂದು ಹೇಳಿ) ಎಲೆ ಬಿಡಿಸಿಟ್ಟ ಮೇಲೆ, ಸೋತವರ ಅಂಕ ಎಣಿಸುವಾಗ. ಒಬ್ಬರು "ನನ್ನದು 48" ಅನ್ನುತ್ತಾರೆ, ಪಕ್ಕದವರು "ಎಲ್ಲಿಯ 48, 68 ಬರೆ" ಅನ್ನುತ್ತಾರೆ. ಇಬ್ಬರೂ ತಾವು ಕಲಿತದ್ದನ್ನೇ ಹೇಳುತ್ತಿರುತ್ತಾರೆ: ಒಬ್ಬರದು ಅಜ್ಜನ ಮನೆಯ ಜಗಲಿಯ ಲೆಕ್ಕ, ಇನ್ನೊಬ್ಬರದು ಮೊಬೈಲ್ ಆ್ಯಪಿನ ಲೆಕ್ಕ. ಹಣ ಕಟ್ಟಿ ಆಡುವ ಆ್ಯಪ್‌ಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ನಿಷೇಧಿಸಿತು. ಆದರೆ ಅವು ಕಲಿಸಿದ ನಿಯಮಗಳು ಆಡುವವರ ತಲೆಯಲ್ಲಿ ಉಳಿದಿವೆ, ಮನೆಯ ಜಮಖಾನದ ಮೇಲೂ ಬಂದು ಕೂತಿವೆ.

ಇವುಗಳಲ್ಲಿ ಸರಿಯಾದ ರಮ್ಮಿ ಯಾವುದು ಎಂದು ಹುಡುಕುತ್ತ ಕೂತರೆ ಸಂಜೆ ಕಳೆಯುತ್ತದೆ. ನಿಯಮಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಜೋಕರ್ (ಬೇರೆ ಎಲೆಯ ಜಾಗಕ್ಕೆ ನಿಲ್ಲುವ ಎಲೆ) ಹೆಚ್ಚಾದರೆ ಶೋ ಬೇಗ ಬರುತ್ತದೆ, ಶೋ ಬೇಗ ಬಂದರೆ ಡ್ರಾಪಿನ, ಅಂದರೆ ಎಲೆ ಮಡಿಸಿ ಹಿಂದೆ ಸರಿಯುವುದರ ಬೆಲೆ ಬದಲಾಗುತ್ತದೆ, ಡ್ರಾಪ್ ಬದಲಾದರೆ ಪೂಲಿನ ಗಡಿ, ಅಂದರೆ ಎಷ್ಟು ಅಂಕ ಮುಟ್ಟಿದವರು ಹೊರಗೆ ಎನ್ನುವ ಮಿತಿ ತಪ್ಪುತ್ತದೆ. ಹಾಗಾಗಿ ಯಾವುದನ್ನು ಮೊದಲು ತೀರ್ಮಾನಿಸಬೇಕು ಎನ್ನುವ ಕ್ರಮವೇ ಇಲ್ಲಿ ಮುಖ್ಯ. ಮೊದಲ ಎಲೆ ಹಂಚುವ ಮುನ್ನ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮುಗಿಸಿ. ಹತ್ತು ನಿಮಿಷ ಸಾಕು.

## ಕೈಗೆ ಬೇಕಾದದ್ದು

ಒಂದೇ ಬಣ್ಣದ, ಒಂದೇ ವಿನ್ಯಾಸದ ಬೆನ್ನಿರುವ ಎರಡು ಇಸ್ಪೀಟು ಕಟ್ಟು ಬೇಕು. ಒಂದು ಕೆಂಪು ಕಟ್ಟು, ಒಂದು ನೀಲಿ ಕಟ್ಟು ಸೇರಿಸಿ ಆಡುವವರಿದ್ದಾರೆ. ಮುಂದೆ ಬರುವ ಎಲೆ ಯಾವ ಕಟ್ಟಿನದು ಎಂದು ಅದರ ಬೆನ್ನೇ ಹೇಳಿಬಿಡುತ್ತದೆ, ಗಮನವಿಟ್ಟು ಆಡುವವರಿಗೆ ಅಷ್ಟು ಸುಳಿವು ಸಾಕು. ಗೀಟುಬಿದ್ದ, ಮೂಲೆ ಮಡಿಸಿದ ಎಲೆಯದೂ ಇದೇ ಕಥೆ. ಅಂಥ ಕಟ್ಟನ್ನು ಮಕ್ಕಳಿಗೆ ಕೊಟ್ಟುಬಿಡಿ.

ಲೆಕ್ಕಕ್ಕೆ ಗೆರೆ ಎಳೆದ ನೋಟ್‌ಬುಕ್ಕು, ಪೆನ್ನು. ಪೆನ್ಸಿಲ್ ಬೇಡ, ಅಳಿಸಿದ ಅಂಕಿಯೇ ಮುಂದಿನ ಜಗಳ. ನೋಟ್‌ಬುಕ್ಕಿನ ಮೊದಲ ಪುಟವನ್ನು ನಿಯಮಕ್ಕೆ ಬಿಡಿ. ಗೊತ್ತಾದದ್ದನ್ನೆಲ್ಲ ಅಲ್ಲಿ ಒಂದೊಂದೇ ಸಾಲಿನಲ್ಲಿ ಬರೆಯುತ್ತ ಹೋಗಿ.

## ಹಂತ 1: ಕಟ್ಟು ಎಣಿಸಿ, ಜನ ಎಣಿಸಿ

ಪ್ರತಿ ಕಟ್ಟಿನಲ್ಲಿ 52 ಎಲೆ, ಜೊತೆಗೆ ಒಂದು ಅಚ್ಚಿನ ಜೋಕರ್ ಇಟ್ಟುಕೊಂಡರೆ ಎರಡು ಕಟ್ಟಿಗೆ 106. ಅಂಗಡಿಯಿಂದ ತಂದ ಕಟ್ಟಿನಲ್ಲಿ ಸಾಮಾನ್ಯವಾಗಿ ಎರಡು ಅಥವಾ ಮೂರು ಜೋಕರ್ ಇರುತ್ತವೆ. ಹೆಚ್ಚಿನವನ್ನು ಡಬ್ಬಿಯಲ್ಲೇ ಬಿಡಿ, ಇಲ್ಲವೇ ಎಲ್ಲರೂ ಒಪ್ಪಿ ಒಳಗೆ ಹಾಕಿ. ಯಾರೂ ಗಮನಿಸದೆ ಮೂರನೆಯದೊಂದು ನುಸುಳುವುದು ಮಾಮೂಲಿ.

ಜನರ ಸಂಖ್ಯೆಗೆ ತಕ್ಕಂತೆ ನಡುವಿನ ಗುಡ್ಡೆ ಎಷ್ಟು ಉಳಿಯುತ್ತದೆ ನೋಡಿ. ಹಂಚಿದ ಎಲೆ, ಕಟ್ ಜೋಕರ್ (ಯಾವುದು ಜೋಕರ್ ಎಂದು ತೋರಿಸಲು ಕತ್ತರಿಸಿದ ಎಲೆ) ಒಂದು, ಎಲ್ಲರಿಗೂ ಕಾಣುವಂತೆ ತೆರೆದಿಡುವ ಓಪನ್ ಎಲೆ ಒಂದು ಕಳೆದರೆ, 106ರಲ್ಲಿ ಇಬ್ಬರಿಗೆ 78, ಮೂವರಿಗೆ 65, ನಾಲ್ವರಿಗೆ 52, ಐವರಿಗೆ 39, ಆರು ಜನರಿಗೆ ಬರೀ 26 ಉಳಿಯುತ್ತದೆ. ಅಂದರೆ ಆರು ಜನ ಕೂತಾಗ ಎಲ್ಲರೂ ಗುಡ್ಡೆಯಿಂದಲೇ ಎಳೆದರೆ ನಾಲ್ಕು ಸುತ್ತಿಗೆ ಗುಡ್ಡೆ ಬರಿದಾಗುತ್ತ ಬರುತ್ತದೆ. ಗುಡ್ಡೆ ಮುಗಿದರೆ ಏನು ಮಾಡುವುದು ಎಂದು ಈಗಲೇ ಬರೆಯಿರಿ. ಆಡುವವರು ಬಿಟ್ಟ ಎಲೆಗಳು ಬೀಳುವ ಓಪನ್ ರಾಶಿಯ ಮೇಲಿನ ಒಂದೆಲೆ ಬಿಟ್ಟು ಉಳಿದದ್ದನ್ನು ಕಲಸಿ ಮತ್ತೆ ಗುಡ್ಡೆ ಮಾಡುವುದು ಒಳ್ಳೆಯ ದಾರಿ. ಆ ಕೈಯನ್ನೇ (ಒಂದು ಹಂಚಿಕೆಯ ಆಟವನ್ನೇ) ರದ್ದು ಮಾಡುವ ಮನೆಗಳೂ ಇವೆ, ಆದರೆ ಚೆನ್ನಾಗಿ ಕೂಡಿಸಿಕೊಂಡವರಿಗೆ ಅದರಿಂದ ಅನ್ಯಾಯ. ಏಳನೆಯವರು ಬಂದು ಕೂತರೆ ಮೂರನೇ ಕಟ್ಟು ಸೇರಿಸಲೇಬೇಕು.

ಕಲಸುವ ವಿಷಯದಲ್ಲಿ ಸೋಮಾರಿತನ ಬೇಡ. ಒಂದು ಕೈ ಮುಗಿದಾಗ ಸೀಕ್ವೆನ್ಸು (ಒಂದೇ ಜಾತಿಯ ಸಾಲು ಎಲೆಗಳು), ಸೆಟ್ಟುಗಳು (ಒಂದೇ ಅಂಕಿಯ ಎಲೆಗಳ ಗುಂಪು) ಹಾಗೇ ಒಟ್ಟಿಗೆ ಅಂಟಿಕೊಂಡು ರಾಶಿಗೆ ಸೇರುತ್ತವೆ. ನಾಲ್ಕು ಸಲ ಕೈಯಲ್ಲಿ ಮೇಲೆ ಕೆಳಗೆ ಮಾಡಿದರೆ ಅವು ಬಿಡುವುದಿಲ್ಲ. ಎಲ್ಲ ಎಲೆಯನ್ನೂ ಬೋರಲು ಹರಡಿ ಎರಡೂ ಅಂಗೈಯಲ್ಲಿ ಒಂದು ನಿಮಿಷ ಕಲಸಿ, ಆಮೇಲೆ ಜೋಡಿಸಿ, ಮತ್ತೆ ಕೈಯಲ್ಲಿ ಕಲಸಿ. ಎಡಗಡೆಯವರು ಎಳೆಯುತ್ತಿದ್ದ ಹಾಗೆ 6-7-8 ಸಾಲಾಗಿ ಬರುತ್ತಿದ್ದರೆ ಕಲಸಿದ್ದು ಸಾಲದು ಎಂದರ್ಥ.

## ಹಂತ 2: ಜೋಕರ್ ಯಾವುದು, ಎಷ್ಟು

ಮಿಕ್ಕ ನಿಯಮಗಳೆಲ್ಲ ಇದರ ಮೇಲೆ ನಿಂತಿರುವುದರಿಂದ ಇಲ್ಲಿ ನಿಧಾನಿಸಿ.

ಹಂಚಿದ ಮೇಲೆ ಗುಡ್ಡೆಯಿಂದ ಒಂದೆಲೆ ಕತ್ತರಿಸಿ ತೆರೆದಿಟ್ಟರೆ ಅದೇ ಕಟ್ ಜೋಕರ್. ಕ್ಲಾವರ್ 4 ಬಂತೆನ್ನಿ, ನಾಲ್ಕೂ ಜಾತಿಯ (ಇಸ್ಪೀಟ್, ಆಟೀನ್, ಡೈಮಂಡ್, ಕ್ಲಾವರ್) ಎಲ್ಲ 4 ಜೋಕರ್ ಆಗುತ್ತವೆ. ಎರಡು ಕಟ್ಟಿನಲ್ಲಿ 4 ಎಂಟಿವೆ, ಒಂದು ಗುಡ್ಡೆಯ ಕೆಳಗೆ ಹೋಯಿತು, ಆಟದಲ್ಲಿ 7 ಉಳಿದವು. ಅಚ್ಚಿನವು 2 ಸೇರಿ ಒಟ್ಟು 9 ಜೋಕರ್. ಅಚ್ಚಿನವನ್ನು ನಾಲ್ಕಿಟ್ಟರೆ 11.

ಕತ್ತರಿಸಿದಾಗ ಅಚ್ಚಿನ ಜೋಕರೇ ಬಂದರೆ? ರೂಢಿಯಲ್ಲಿ ಆಗ ಎಕ್ಕಗಳೆಲ್ಲ ಜೋಕರ್ ಆಗುತ್ತವೆ. ಎಂಟು ಎಕ್ಕ, ಉಳಿದ ಒಂದು ಅಚ್ಚಿನದು, ಮತ್ತೆ 9. ಲೆಕ್ಕ ಸರಿಯಾಗಿ ಕೂರುತ್ತದೆ ಎನ್ನುವುದೇ ಈ ರೂಢಿಯ ಗಟ್ಟಿತನ. "ಅಚ್ಚಿನದು ಮಾತ್ರ ಜೋಕರ್" ಎಂದು ಇಟ್ಟುಕೊಂಡರೆ ಇಡೀ ಆಟಕ್ಕೆ ಒಂದೇ ಒಂದು ಜೋಕರ್ ಉಳಿಯುತ್ತದೆ, ಕೈ ಎಳೆದಾಡುತ್ತದೆ. ಅದರ ಬದಲು ಇನ್ನೊಮ್ಮೆ ಕತ್ತರಿಸುವುದು ಮೇಲು.

ಇನ್ನು ತುಂಬ ಜನ ಎಡವುವ ಜಾಗ: ಕಟ್ ಜೋಕರ್ ತನ್ನ ಸ್ವಂತ ಜಾಗದಲ್ಲಿ ಕೂತರೆ ಅದು ಜೋಕರ್ ಅಲ್ಲ, ಸಾದಾ ಎಲೆ. 4 ಜೋಕರ್ ಆಗಿರುವಾಗ ಇಸ್ಪೀಟ್ 3-4-5 ಹಿಡಿದವರ ಕೈಯಲ್ಲಿರುವುದು ಅಪ್ಪಟ ಪ್ಯೂರ್, ಅಂದರೆ ಜೋಕರ್ ನೆರವಿಲ್ಲದ ಸೀಕ್ವೆನ್ಸ್. "ಜೋಕರ್ ಇದೆಯಲ್ಲ" ಎಂದು ಅದನ್ನು ಒಡೆದು ಇನ್ನೊಂದಕ್ಕೆ ಒದ್ದಾಡುವವರು ಗೆದ್ದ ಕೈಯನ್ನು ಕಳೆದುಕೊಳ್ಳುತ್ತಾರೆ. ಇಸ್ಪೀಟ್ 5, ಡೈಮಂಡ್ 4, ಇಸ್ಪೀಟ್ 7 ಎಂದು ಜೋಡಿಸಿದರೆ ಮಾತ್ರ ಆ 4 ಜೋಕರಾಗಿ ದುಡಿಯುತ್ತಿದೆ, ಅದು ಪ್ಯೂರ್ ಅಲ್ಲ.

ಓಪನ್ ರಾಶಿಗೆ ಬಿದ್ದ ಜೋಕರನ್ನು ಎತ್ತುವಂತಿಲ್ಲ ಎನ್ನುವುದು ಬಹುತೇಕ ಎಲ್ಲೆಡೆ ಇದೆ. ಆಟ ಶುರುವಾಗುವಾಗ ಮೊದಲ ಓಪನ್ ಎಲೆಯೇ ಜೋಕರ್ ಆಗಿದ್ದರೆ ಮೊದಲ ಆಟಗಾರ ಎತ್ತಬಹುದು ಎಂಬ ವಿನಾಯಿತಿಯನ್ನು ಬರೆದಿಡಿ, ಬರೆಯದಿದ್ದರೆ ಆ ತಕರಾರು ಮೊದಲ ಕೈಯಲ್ಲೇ ಏಳಬಹುದು.

## ಹಂತ 3: ಸೀಕ್ವೆನ್ಸ್ ಮತ್ತು ಸೆಟ್ಟಿನ ಗಡಿ

ಕನಿಷ್ಠ ಎರಡು ಸೀಕ್ವೆನ್ಸ್, ಅದರಲ್ಲಿ ಒಂದು ಜೋಕರ್ ಇಲ್ಲದ ಪ್ಯೂರ್: ಇಷ್ಟಕ್ಕೆ ಯಾರ ತಕರಾರೂ ಇಲ್ಲ. ಎಕ್ಕದ ಜಾಗ ಮಾತ್ರ ಕೇಳಿ. ಎಕ್ಕ-2-3 ಸರಿ, ರಾಣಿ-ರಾಜ-ಎಕ್ಕ ಸರಿ, ರಾಜ-ಎಕ್ಕ-2 ತಪ್ಪು. ಸುತ್ತು ಹೊಡೆಯುವ ಸೀಕ್ವೆನ್ಸ್ ಒಪ್ಪುವ ಕೆಲವು ಮನೆಗಳಿವೆ, ಹೊಸಬರಿದ್ದರೆ ಅದು ಬೇಡ.

ಸೆಟ್ಟಿನಲ್ಲಿ ಮೂರು ಅಥವಾ ನಾಲ್ಕು ಎಲೆ, ಎಲ್ಲವೂ ಬೇರೆ ಬೇರೆ ಜಾತಿ. ಎರಡು ಕಟ್ಟು ಕಲಸಿದಾಗ ಆಟೀನ್ 9 ಎರಡು ಇರುತ್ತವೆ. ಆಟೀನ್ 9, ಆಟೀನ್ 9, ಇಸ್ಪೀಟ್ 9 ಹಿಡಿದು ಶೋ ಹೊಡೆಯುವುದು ತಪ್ಪು ಶೋಗಳಲ್ಲಿ ತೀರಾ ಸಾಮಾನ್ಯವಾದದ್ದು. ಕೆಂಪು ಎಲೆಗಳ ಗುಂಪಿನಲ್ಲಿ ಆಟೀನ್ ಎರಡಿದ್ದರೂ ಡೈಮಂಡ್ ಇದೆ ಎಂದು ಕಣ್ಣು ಮೋಸ ಹೋಗುತ್ತದೆ. ಶೋಗೆ ಮುನ್ನ ಪ್ರತಿ ಸೆಟ್ಟಿನ ಜಾತಿಯನ್ನು ಬಾಯಲ್ಲಿ ಹೇಳಿಕೊಳ್ಳಿ.

13 ಎಲೆಯನ್ನು ಮೂರು ಮೂರಾಗಿ ಒಡೆದರೆ ಒಂದು ಮಿಗುತ್ತದೆ. ಹಾಗಾಗಿ ಯಾವುದಾದರೂ ಒಂದು ಗುಂಪು ನಾಲ್ಕರದ್ದೋ ಅದಕ್ಕಿಂತ ದೊಡ್ಡದೋ ಆಗಲೇಬೇಕು. ಕಲಿಯುವವರು ಮೂರರ ನಾಲ್ಕು ಗುಂಪು ಮಾಡಿಟ್ಟು, ಹದಿಮೂರನೆಯ ಎಲೆ ಎಲ್ಲಿ ಸೇರಿಸುವುದು ಎಂದು ಕಾಯುತ್ತ ಕೂರುತ್ತಾರೆ. ಉದ್ದ ಮಾಡಲು ಸೀಕ್ವೆನ್ಸೇ ಸುಲಭ, ಅದಕ್ಕೆ ಎರಡು ತುದಿ ಇವೆ.

## ಹಂತ 4: ಎಳೆಯುವುದು, ಬಿಡುವುದು

ಪ್ರತಿ ಸರದಿಯಲ್ಲಿ ಗುಡ್ಡೆಯಿಂದಲೋ ಓಪನ್ ರಾಶಿಯಿಂದಲೋ ಒಂದೆಲೆ ಎಳೆದು, ಒಂದನ್ನು ಓಪನ್ ರಾಶಿಗೆ ಬಿಡುವುದು ಆಟ. ಅದರ ಬಗ್ಗೆ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಓಪನ್‌ನಿಂದ ಎತ್ತಿದ ಎಲೆಯನ್ನೇ ಅದೇ ಸರದಿಯಲ್ಲಿ ಬಿಡಬಹುದೇ? ಬೇಡ, ಅದು ಸರದಿ ತಪ್ಪಿಸುವ ಉಪಾಯವಾಗುತ್ತದೆ. ಓಪನ್ ರಾಶಿಯ ಕೆಳಗಿನ ಎಲೆಗಳನ್ನು ಕೆದಕಿ ನೋಡಬಹುದೇ? ಆ್ಯಪ್‌ಗಳು ಅದಕ್ಕೆ ಗುಂಡಿ ಕೊಟ್ಟಿದ್ದವು. ಮನೆಯಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ, ಬಿಟ್ಟ ಎಲೆ ನೆನಪಿಡುವುದರಲ್ಲೇ ಈ ಆಟದ ಜಾಣ್ಮೆ ಇದೆ. ಬಿಟ್ಟ ಎಲೆ ಯಾವಾಗ ಬಿಟ್ಟಂತೆ? ಬೆರಳು ಎಲೆಯನ್ನು ಬಿಟ್ಟ ಕ್ಷಣದಿಂದ.

## ಹಂತ 5: ಡ್ರಾಪಿನ ಬೆಲೆ

ಕೈ ಕೆಟ್ಟದಾಗಿದ್ದರೆ ಮಡಿಸಿಡುವುದಕ್ಕೆ ಕೆಲವರು ಪ್ಯಾಕ್ ಅನ್ನುತ್ತಾರೆ, ಕೆಲವರು ಸ್ಕೂಟ್. ಫುಲ್ ಕೌಂಟ್ (ಸೋತ ಕೈಗೆ ಬೀಳುವ ಗರಿಷ್ಠ ಅಂಕ) 80 ಇರುವ ಆಟದಲ್ಲಿ ಮೊದಲ ಡ್ರಾಪ್ 20, ನಡುವಿನ ಡ್ರಾಪ್ 40; 201ರ ಪೂಲಿಗೆ ಮಾತ್ರ ಬೇರೆ ಬೆಲೆ, ಅದು ಎಂಟನೇ ಹಂತದಲ್ಲಿದೆ. ಮೊದಲ ಡ್ರಾಪ್ ಎಂದರೆ ತನ್ನ ಮೊದಲ ಸರದಿಯಲ್ಲಿ ಎಲೆ ಮುಟ್ಟುವ ಮುಂಚೆ. ಗುಡ್ಡೆಯ ಎಲೆಯನ್ನು ಅರ್ಧ ಎತ್ತಿ ನೋಡಿ "ಪ್ಯಾಕ್" ಅಂದರೆ ಅದು 40.

ಈ ಅಂಕಿಗಳನ್ನು ಮನಸ್ಸಿಗೆ ಬಂದಂತೆ ಬದಲಾಯಿಸಬೇಡಿ. ಡ್ರಾಪನ್ನು 10ಕ್ಕೆ ಇಳಿಸಿದರೆ ಆರು ಜನರಲ್ಲಿ ನಾಲ್ವರು ಮಡಿಸಿ ಕೂರುತ್ತಾರೆ, ಆಟ ಇಬ್ಬರದ್ದಾಗುತ್ತದೆ. ಪ್ರತಿ ಕೈಯಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಮೊದಲ ಸರದಿಯಲ್ಲೇ ಹೊರಗಾಗುತ್ತಿದ್ದರೆ ಬೆಲೆ ಕಡಿಮೆಯಾಗಿದೆ. ಯಾರೂ ಮಡಿಸುತ್ತಲೇ ಇಲ್ಲವಾದರೆ ಹೆಚ್ಚಾಗಿದೆ, ಇಲ್ಲವೇ ಜೋಕರ್ ಜಾಸ್ತಿಯಾಗಿವೆ.

## ಹಂತ 6: ಶೋ ಮತ್ತು ತಪ್ಪು ಶೋ

ಶೋ ಹೊಡೆಯುವವರು ಎಳೆದ ಮೇಲೆ ಕೈಯಲ್ಲಿ 14 ಎಲೆ ಇರಬೇಕು. 13 ಜೋಡಿಸಿ, ಹದಿನಾಲ್ಕನೆಯದನ್ನು ಬೋರಲಾಗಿ ಗುಡ್ಡೆಯ ಮೇಲೆ ಇಟ್ಟು "ಶೋ" ಅನ್ನಬೇಕು. ಅದನ್ನು ಓಪನ್ ರಾಶಿಗೆ ಎಸೆದು ಆಮೇಲೆ ನೆನಪಾಗಿ "ಅಯ್ಯೋ, ಶೋ" ಅಂದರೆ ಸರದಿ ಮುಗಿದಿದೆ, ಮುಂದಿನ ಸುತ್ತಿಗೆ ಕಾಯಬೇಕು.

ತಪ್ಪು ಶೋಗೆ 80 ಎನ್ನುವುದು ಎಲ್ಲರಿಗೂ ಗೊತ್ತು. ಆಮೇಲೆ ಉಳಿದವರು ಆಟ ಮುಂದುವರಿಸುತ್ತಾರೋ ಇಲ್ಲವೋ ಎನ್ನುವುದನ್ನು ಯಾರೂ ಮಾತಾಡಿಕೊಂಡಿರುವುದಿಲ್ಲ. ಜಮಖಾನದ ಮೇಲೆ ಒಬ್ಬರ 13 ಎಲೆಯನ್ನೂ ಎಲ್ಲರೂ ನೋಡಿಯಾಗಿದೆ, ಯಾವ ಎಲೆ ಇನ್ನು ಬರುವುದಿಲ್ಲ ಎಂದು ತಿಳಿದಿದೆ. ಹಾಗಾಗಿ ಕೈಯನ್ನು ಅಲ್ಲಿಗೇ ನಿಲ್ಲಿಸಿ, ತಪ್ಪಿದವರಿಗೆ 80, ಆಡುತ್ತಿದ್ದ ಉಳಿದವರಿಗೆ ಸೊನ್ನೆ ಬರೆಯುವುದು ನ್ಯಾಯ. ಅದಾಗಲೇ ಡ್ರಾಪ್ ಆದವರ ಅಂಕ ಹಾಗೇ ಉಳಿಯಲಿ.

ಸೋತವರು ಗೆದ್ದವರ ಗುಂಪಿಗೆ ತಮ್ಮ ಎಲೆ ಅಂಟಿಸುವ ಪದ್ಧತಿ ನಮ್ಮ ಹದಿಮೂರೆಲೆಯಲ್ಲಿಲ್ಲ. ಅದು ಜಿನ್ ರಮ್ಮಿಯದು. ಅಮೆರಿಕದಲ್ಲಿರುವ ಕನ್ನಡಿಗರು ಸಹೋದ್ಯೋಗಿಗಳ ಜೊತೆ ಕೂತಾಗ ಈ ಎರಡೂ ಬೆರೆಯುತ್ತವೆ. ಜಿನ್‌ನಲ್ಲಿ ಒಂದೇ ಕಟ್ಟು, ಹತ್ತೇ ಎಲೆ, ಜೋಕರ್ ಇಲ್ಲ, ಎಕ್ಕಕ್ಕೆ ಒಂದೇ ಅಂಕ, ಬಿಡಿ ಎಲೆಗಳ ಮೊತ್ತ 10ಕ್ಕಿಂತ ಹೆಚ್ಚಿಲ್ಲದಿದ್ದರೆ ಕೈ ಮುಗಿಸಬಹುದು. ನಮ್ಮಲ್ಲಿ ಎಕ್ಕಕ್ಕೆ 10. ಇವುಗಳನ್ನು ಕಲಸಿ ಮೂರನೆಯ ಆಟ ಮಾಡಲು ಹೋಗಬೇಡಿ, ಒಂದನ್ನು ಆರಿಸಿ.

## ಹಂತ 7: ಸೋತ ಕೈಯ ಲೆಕ್ಕ

ಎಕ್ಕ, ರಾಜ, ರಾಣಿ, ಗುಲಾಮ ತಲಾ 10. ಅಂಕಿಯ ಎಲೆಗೆ ಅದರದೇ ಅಂಕಿ. ಜೋಕರಿಗೆ ಸೊನ್ನೆ. ಎಷ್ಟೇ ಬಂದರೂ 80ಕ್ಕೆ ನಿಲ್ಲುತ್ತದೆ. ಇಲ್ಲಿಯವರೆಗೆ ಒಮ್ಮತ. ಒಂದು ಪ್ಯೂರ್ ಇದೆ, ಎರಡನೆಯ ಸೀಕ್ವೆನ್ಸ್ ಇಲ್ಲ ಎನ್ನುವ ಕೈಗೆ ಮೂರು ಮನೆಗಳಲ್ಲಿ ಮೂರು ಲೆಕ್ಕ. ಒಂದೇ ಕೈಯನ್ನು ಮೂರರಲ್ಲೂ ಹಾಕಿ ನೋಡಿ.

ಕ್ಲಾವರ್ 4 ಕಟ್ ಜೋಕರ್. ಸೋತವರ ಕೈಯಲ್ಲಿ: ಆಟೀನ್ 5-6-7 (ಪ್ಯೂರ್), ಇಸ್ಪೀಟ್ 9 ಮತ್ತು 10, ಇಸ್ಪೀಟ್ ರಾಜ, ಡೈಮಂಡ್ ರಾಜ, ಜೋಕರಾಗಿ ಡೈಮಂಡ್ 4, ಬಿಡಿಯಾಗಿ ಡೈಮಂಡ್ 2, ಕ್ಲಾವರ್ 3, ಡೈಮಂಡ್ 6, ಕ್ಲಾವರ್ 8, ಆಟೀನ್ ರಾಣಿ.

ಇವರು ಜೋಕರನ್ನು ರಾಜರ ಜೊತೆ ಇಟ್ಟು ಸೆಟ್ ಮಾಡಿದ್ದಾರೆ ಎನ್ನಿ.

ಸಡಿಲ ಲೆಕ್ಕ: ಪ್ಯೂರ್ ಇದ್ದರೆ ಸಾಕು, ಆದ ಗುಂಪೆಲ್ಲ ಬಿಟ್ಟು ಬಿಡಿ ಎಲೆ ಮಾತ್ರ ಎಣಿಸಿ. 9, 10 ಸೇರಿ 19, ಮಿಕ್ಕವು 29, ಒಟ್ಟು 48.

ಆ್ಯಪ್‌ಗಳಲ್ಲಿ ಹೆಚ್ಚಾಗಿ ಕಂಡ ಲೆಕ್ಕ: ಎರಡನೇ ಸೀಕ್ವೆನ್ಸ್ ಇಲ್ಲದಿದ್ದರೆ ಪ್ಯೂರ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಎಣಿಕೆ. ರಾಜರ 20 ಸೇರಿತು, 68.

ಬಿಗಿ ಲೆಕ್ಕ: ಎರಡೂ ಸೀಕ್ವೆನ್ಸ್ ಆಗದಿದ್ದರೆ ಏನೂ ಇಲ್ಲದಂತೆ. 5-6-7ರ 18 ಕೂಡ ಸೇರಿ 86, ಅಂದರೆ 80.

ಈಗ ಅದೇ ಜೋಕರನ್ನು ರಾಜರಿಂದ ತೆಗೆದು ಇಸ್ಪೀಟ್ 9-10ರ ಪಕ್ಕ ಇಡಿ. ಎರಡನೇ ಸೀಕ್ವೆನ್ಸ್ ಆಯಿತು. ರಾಜರ 20, ಮಿಕ್ಕ 29, ಒಟ್ಟು 49. ಮೂರೂ ಲೆಕ್ಕದಲ್ಲಿ 49. ಸಡಿಲ ಮನೆಯಲ್ಲಿ ರಾಜರ ಜೊತೆ ಜೋಕರ್ ಇಟ್ಟವರು ಒಂದಂಕ ಉಳಿಸಿಕೊಂಡರು, ಬಿಗಿ ಮನೆಯಲ್ಲಿ ಅದೇ ಅಭ್ಯಾಸಕ್ಕೆ 31 ಅಂಕ ದಂಡ ತೆತ್ತರು. ಈ ನಿಯಮ ಗೊತ್ತಿಲ್ಲದೆ ಜೋಕರ್ ಎಲ್ಲಿಡಬೇಕು ಎಂದೇ ಗೊತ್ತಾಗುವುದಿಲ್ಲ. ಆದ್ದರಿಂದ ಇದನ್ನು ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಹೊಸಬರು ಹೆಚ್ಚಿದ್ದರೆ ನಡುವಿನ ಲೆಕ್ಕ ಒಳ್ಳೆಯದು, ಪಳಗಿದವರಿಗೆ ಬಿಗಿ ಲೆಕ್ಕ ಚೆಂದ.

ಇನ್ನೊಂದು ಸಣ್ಣ ವಿಷಯ ಬಾಕಿ. ಮೊದಲ ಸುತ್ತಿನಲ್ಲೇ ಯಾರೋ ಶೋ ಹೊಡೆದರೆ, ಸರದಿಯೇ ಬಾರದವರ ಲೆಕ್ಕ ಹೇಗೆ? ಅವರಿಗೆ ಅರ್ಧ ಅಂಕ ಹಾಕುವ ರೂಢಿ ಇದೆ, ಅದನ್ನು ಇಟ್ಟುಕೊಳ್ಳಿ. ಎಳೆಯುವ, ಮಡಿಸುವ ಅವಕಾಶವೇ ಸಿಗದವರಿಗೆ ಪೂರ್ತಿ ಹೊರೆ ಹೊರಿಸುವುದು ಸರಿಯಲ್ಲ.

## ಹಂತ 8: ಪೂಲಿನ ಗಡಿ, ಮರುಪ್ರವೇಶ

ಕೂತವರಿಗೆ ಸಮಯ ಕಡಿಮೆಯಿದ್ದರೆ ಇಂತಿಷ್ಟು ಕೈ ಎಂದು ಗೊತ್ತುಮಾಡಿ, ಕೊನೆಗೆ ಕಡಿಮೆ ಅಂಕದವರು ಗೆದ್ದಂತೆ. ರಾತ್ರಿಯಿಡೀ ಆಡುವವರಿಗೆ ಪೂಲ್: 101 ಅಥವಾ 201 ಮುಟ್ಟಿದವರು ಹೊರಗೆ.

101ರಲ್ಲಿ ಮೊದಲ ಡ್ರಾಪ್ 20, ನಡುವಿನದು 40. 201ರಲ್ಲಿ 25 ಮತ್ತು 50. ಎರಡರಲ್ಲೂ ಒಂದೇ ಬೆಲೆ ಹಾಕುವುದು ಹಲವರ ತಪ್ಪು. 20ರ ಡ್ರಾಪ್ ಐದು ಸಲ ಮಾಡಿದರೆ ಸರಿಯಾಗಿ 100, ಇನ್ನೂ ಒಳಗೆ. 25ರದ್ದು ಎಂಟು ಸಲ ಮಾಡಿದರೆ 200, ಅಲ್ಲೂ ಒಂದಂಕದಲ್ಲಿ ಒಳಗೆ. ಹಾಗಾಗಿ 101ರಲ್ಲಿ 81 ಮುಟ್ಟಿದವರಿಗೆ, 201ರಲ್ಲಿ 176 ಮುಟ್ಟಿದವರಿಗೆ ಮಡಿಸುವ ದಾರಿ ಮುಚ್ಚಿತು, ಮಡಿಸಿದರೆ ಹೊರಗೆ. ಹೀಗೆ ಆಡಲೇಬೇಕಾದ ಸ್ಥಿತಿಗೇ ಕಂಪಲ್ಸರಿ ಅನ್ನುವುದು. ಅಂಕ ಬರೆಯುವವರು ಆ ಹೆಸರಿನ ಮುಂದೆ ಒಂದು ಗುರುತು ಹಾಕಲಿ.

ಹೊರಬಿದ್ದವರು ಮತ್ತೆ ಬರುವುದಾದರೆ, ಒಳಗಿರುವವರ ಅತಿ ಹೆಚ್ಚಿನ ಅಂಕಕ್ಕೆ ಒಂದು ಸೇರಿಸಿ ಅಲ್ಲಿಂದ ಶುರು ಮಾಡಬೇಕು. ಆ ಹೆಚ್ಚಿನ ಅಂಕ 101ರಲ್ಲಿ 79, 201ರಲ್ಲಿ 174 ಮೀರಿರಬಾರದು. 79ಕ್ಕೆ ಒಂದು ಸೇರಿ 80ಕ್ಕೆ ಬಂದವರಿಗೆ ಒಂದು ಡ್ರಾಪ್ ಉಳಿದಿರುತ್ತದೆ, 175ಕ್ಕೆ ಬಂದವರಿಗೂ ಅಷ್ಟೇ. ನಿಮ್ಮ ಡ್ರಾಪಿನ ಬೆಲೆ ಬೇರೆಯಿದ್ದರೆ ಈ ಗಡಿಯನ್ನೂ ಮತ್ತೆ ಲೆಕ್ಕ ಹಾಕಬೇಕು.

ಪ್ರತಿ ಕೈಯ ನಂತರ ಒಟ್ಟು ಮೊತ್ತವನ್ನು ಜೋರಾಗಿ ಓದಿ. ಯಾವುದೇ ಕೈಯ ಸಾಲಿನಲ್ಲಿ ಒಂದೂ ಸೊನ್ನೆ ಇಲ್ಲದಿದ್ದರೆ ಬರೆದದ್ದು ತಪ್ಪಿದೆ.

## ಹಂತ 9: ಇಪ್ಪತ್ತೊಂದೆಲೆಗೆ ಹೋಗುವುದಾದರೆ

ಇದಕ್ಕೆ ಮೂರು ಕಟ್ಟು ಬೇಕು. ಮೂರು ಪ್ಯೂರ್ ಸೀಕ್ವೆನ್ಸ್ ಕಡ್ಡಾಯ. ಕಟ್ ಜೋಕರ್ ಆಟೀನ್ 5 ಆದರೆ, ಅದೇ ಜಾತಿಯ 6 ಅಪ್ ಜೋಕರ್, 4 ಡೌನ್ ಜೋಕರ್. ಇವು ಮೂರೂ ಒಬ್ಬರ ಕೈಯಲ್ಲಿ ಸೇರಿದರೆ ಮ್ಯಾರೇಜ್. ಒಂದೇ ಜಾತಿಯ ಒಂದೇ ಎಲೆ ಮೂರು ಸೇರಿದರೆ ಟನಲ್ಲಾ, ಎರಡು ಸೇರಿದರೆ ಡಬ್ಲಿ. ಎಂಟು ಡಬ್ಲಿ ಮಾಡಿದರೆ ಸೀಕ್ವೆನ್ಸ್ ಇಲ್ಲದೆಯೂ ಶೋ ಹೊಡೆಯಬಹುದು.

ಇಲ್ಲಿ ಜೋಕರ್ ಸಂಖ್ಯೆ ಹಾರುತ್ತದೆ: 5ಗಳು 11, ಅಪ್ 3, ಡೌನ್ 3, ಅಚ್ಚಿನವು 3, ಒಟ್ಟು 20. ಅದಕ್ಕೇ ಪ್ಯೂರ್ ಮೂರು ಕೇಳುವುದು. ಹದಿಮೂರೆಲೆಗೆ ಅಪ್-ಡೌನ್ ಜೋಕರ್ ತಂದು, ಪ್ಯೂರ್ ಒಂದೇ ಸಾಕು ಎಂದು ಬಿಟ್ಟರೆ ಎರಡು ಮೂರು ಸುತ್ತಿಗೆ ಶೋ ಬೀಳತೊಡಗುತ್ತದೆ. ಅಪ್-ಡೌನ್ ಬೇಕೇ ಬೇಕಾದರೆ ಪ್ಯೂರ್ ಎರಡು ಮಾಡಿ. ಮ್ಯಾರೇಜಿಗೆ ಎಷ್ಟು ಅಂಕ, ಜೋಕರ್ ಮೊದಲೇ ತೆರೆದಿರುತ್ತದೋ ಅಥವಾ ಮೂರು ಪ್ಯೂರ್ ಇಳಿಸಿದವರಿಗೆ ಮಾತ್ರ ಕಾಣುತ್ತದೋ ಎನ್ನುವುದು ಮನೆಮನೆಗೂ ಬೇರೆ. ಈ ಎರಡನ್ನು ಕೇಳದೆ ಹಂಚಬೇಡಿ.

## ಹಂತ 10: ಒಂದು ಪುಕ್ಕಟೆ ಕೈ

ಬರೆದದ್ದನ್ನು ಒಬ್ಬರು ಓದಲಿ. ಆಮೇಲೆ ಲೆಕ್ಕಕ್ಕಿಲ್ಲದ ಒಂದು ಕೈ ಆಡಿ, ಕೊನೆಯಲ್ಲಿ ಎಲ್ಲರೂ ಎಲೆ ತೆರೆದಿಟ್ಟು ತಮ್ಮ ಅಂಕ ತಾವೇ ಹೇಳಲಿ. ಇಬ್ಬರ ಲೆಕ್ಕ ಬೇರೆ ಬಂದರೆ ಏಳನೇ ಹಂತಕ್ಕೆ ವಾಪಸ್ ಹೋಗಿ.

ಆಟದ ನಡುವೆ ಪುಟದಲ್ಲಿಲ್ಲದ ಪ್ರಶ್ನೆ ಎದ್ದರೆ, ಆ ಕೈಯನ್ನು ಅಂಕ ಬರೆಯುವವರು ಹೇಳಿದಂತೆ ಮುಗಿಸಿ. ಅವರದೇ ಎಲೆಯ ಪ್ರಶ್ನೆಯಾದರೆ ಹಂಚಿದವರು ಹೇಳಲಿ. ಹೊಸ ಸಾಲನ್ನು ಪುಟಕ್ಕೆ ಸೇರಿಸುವುದು ಮುಂದಿನ ಹಂಚಿಕೆಗೆ ಮುನ್ನ, ಯಾರ ಕೈಯಲ್ಲೂ ಎಲೆ ಇಲ್ಲದಿರುವಾಗ.